ಸಂಬಳ ಒಂದು ಬಿಟ್ಟು ಏನಾದರೂ ಕೇಳಿ

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಹದಿಮೂರು ವರ್ಷದಿಂದ ಅತಿಥಿ. ಮನೆಗೆ ಬಂದ ನೆಂಟ ಮೂರು ದಿನಕ್ಕಿಂತ ಹೆಚ್ಚು ಉಳಿದರೆ ಯಾರಾದರೂ ಮೆಲ್ಲಗೆ ಬಸ್ಸಿನ ಟೈಮು ಹೇಳುತ್ತಾರೆ. ಸರ್ಕಾರ ಹಾಗಲ್ಲ, ಪ್ರತಿ ವರ್ಷ ತಾನೇ ಬಸ್ಸು ಹತ್ತಿಸಿ, ಪ್ರತಿ ವರ್ಷ ತಾನೇ ಕರೆಯುತ್ತದೆ. ರಾಜ್ಯದಲ್ಲಿ ಇಂಥ ನೆಂಟರು ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದೇವೆ. ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ತರಗತಿ ಬಿಟ್ಟು ಧರಣಿ ಕೂತಿದ್ದೆವು. ಧರಣಿಯಿಂದ ಎದ್ದು ಬಂದವನಿಗೆ ಪ್ರಾಂಶುಪಾಲರು ಹೊಸ ಜವಾಬ್ದಾರಿ ಕೊಟ್ಟರು: ಪ್ಲೇಸ್‌ಮೆಂಟ್ ಸೆಲ್ ಸಂಚಾಲಕ. ಅಂದರೆ, ಕೆಲಸ ಗಿಟ್ಟಿಸುವುದು ಹೇಗೆ ಎಂದು ಮಕ್ಕಳಿಗೆ ಹೇಳಿಕೊಡುವವನು.

"ಸಾರ್, ನನಗೇ ಕಾಯಂ ಕೆಲಸ ಇಲ್ಲ..." ಎಂದೆ.

"ಅದಕ್ಕೇ ಕಣ್ರೀ ನಿಮಗೆ ಕೊಟ್ಟಿದ್ದು. ಪ್ರತಿ ವರ್ಷ ಅರ್ಜಿ ಹಾಕಿದ ಅನುಭವ ಈ ಕಾಲೇಜಲ್ಲಿ ಇನ್ಯಾರಿಗಿದೆ?" ಎಂದರು.

ಆದ್ದರಿಂದ ಮುಂದಿನದನ್ನು ಅನುಭವಸ್ಥನ ಮಾತು ಎಂದೇ ಓದಿಕೊಳ್ಳಬೇಕು.

ಅಧಿಕಾರ ವಹಿಸಿಕೊಂಡ ವಾರದಲ್ಲೇ ಕಂಪನಿಯೊಂದರಿಂದ ಇ-ಮೇಲ್ ಬಂತು. ಬಿ.ಕಾಂ., ಬಿಬಿಎ ಮುಗಿಸುವ ಮಕ್ಕಳು ಬೇಕಂತೆ, ಜೊತೆಗೆ ಅವರಲ್ಲಿ ಇರಬೇಕಾದ ಗುಣಗಳ ಪಟ್ಟಿ. ಸಂವಹನ ಕಲೆ, ತಂಡದೊಳಗೆ ಬೆರೆಯುವ ಗುಣ, ತಂಡವನ್ನು ನಡೆಸುವ ಗುಣ, ವಿಮರ್ಶಾತ್ಮಕ ಚಿಂತನೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಶಿಸ್ತು, ಒತ್ತಡ ತಾಳುವ ಶಕ್ತಿ, ಸೋಲಿಗೆ ಕುಗ್ಗದ ಮನಸ್ಸು, ಮುಖದಲ್ಲಿ ಸದಾ ಉತ್ಸಾಹ... ಹೀಗೆ ಸಾಗಿತ್ತು. ಇಂತಿಂಥ ಹದಿನಾರು ಗುಣವುಳ್ಳ ಮನುಷ್ಯ ಈ ಲೋಕದಲ್ಲಿ ಯಾರಾದರೂ ಇದ್ದಾನೆಯೇ ಎಂದು ವಾಲ್ಮೀಕಿ ನಾರದರನ್ನು ಕೇಳಿದರಂತೆ. ನಾರದರು ಒಬ್ಬನೇ ಒಬ್ಬನ ಹೆಸರು ಹೇಳಿದರು. ನಾನು ಬೆರಳು ಮಡಚಿ ಎಣಿಸಿದೆ. ಈ ಕಂಪನಿಯ ಪಟ್ಟಿಯಲ್ಲಿ ಹದಿನೇಳಿತ್ತು, ಹದಿನೇಳನೆಯದು ಸ್ವಂತ ದ್ವಿಚಕ್ರ ವಾಹನ. ಶ್ರೀರಾಮನೂ ಅಲ್ಲಿಗೇ ಔಟ್.

ಹುದ್ದೆಯ ಹೆಸರು ಬಿಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯುಟಿವ್. ಕೆಲಸ ಏನು ಎಂದು ತಿಳಿದುಕೊಳ್ಳೋಣವೆಂದು ಫೋನ್ ಮಾಡಿದೆ.

"ಕ್ಲೈಂಟ್ ಎಂಗೇಜ್‌ಮೆಂಟ್ ಸರ್."

"ಅಂದ್ರೆ?"

"ಮಾರ್ಕೆಟ್ ಪೆನೆಟ್ರೇಷನ್ ಸರ್. ರೆವಿನ್ಯೂ ಓನರ್‌ಶಿಪ್."

"ಅಂದ್ರೆ ಬೆಳಗ್ಗೆ ಎದ್ದು ಹುಡುಗ ಎಲ್ಲಿಗೆ ಹೋಗ್ಬೇಕು, ಏನು ಮಾಡ್ಬೇಕು?"

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ, ದನಿ ತಗ್ಗಿಸಿ, "ಮನೆಮನೆಗೆ ಹೋಗಿ ಇನ್ಶೂರೆನ್ಸ್ ಮಾರ್ಬೇಕು ಸರ್."

ಇನ್ಶೂರೆನ್ಸ್ ಮಾರುವುದು ಮರ್ಯಾದಸ್ಥ ಕೆಲಸ. ನಮ್ಮೂರಿನಲ್ಲಿ ಎಲ್‌ಐಸಿ ಏಜೆಂಟರೇ ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಗೆ ಕೂರುವವರು. ಆ ಕೆಲಸಕ್ಕೆ ಅದರ ಹೆಸರು ಹೇಳಲು ನಾಚಿಕೆಪಡುವ ಕಂಪನಿಗೆ ನನ್ನ ಮಕ್ಕಳಲ್ಲಿ ಸಂವಹನ ಕಲೆ ಬೇಕಾಗಿತ್ತು.

ಹಾಗಂತ ಕಂಪನಿಗಳ ದೂರೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಉತ್ತರಪತ್ರಿಕೆಗಳೇ ನಗುತ್ತವೆ. ಕೇಂದ್ರ ಸರ್ಕಾರದ 2023-24ರ ಆರ್ಥಿಕ ಸಮೀಕ್ಷೆಯೇ ನಮ್ಮ ಯುವಜನರಲ್ಲಿ ಉದ್ಯೋಗಕ್ಕೆ ತಕ್ಕವರು ಶೇ 51.25 ಮಾತ್ರ ಎಂಬ ಲೆಕ್ಕವನ್ನು ಮುಂದಿಟ್ಟಿತು. ಇಬ್ಬರಲ್ಲಿ ಒಬ್ಬ ಎಂದಾಯಿತು. ಅದನ್ನು ಓದಿದ ದಿನವೇ ಆರನೇ ಸೆಮಿಸ್ಟರಿನ ತರಗತಿಗೆ ಹೋಗಿ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ. ಬಿಲ್ಲಿನ ಒಟ್ಟು ಮೊತ್ತ 2,360 ರೂಪಾಯಿ, ಅದರಲ್ಲಿ ಶೇ 18 ಜಿಎಸ್‌ಟಿ ಸೇರಿದೆ. ತೆರಿಗೆ ಎಷ್ಟು? ಅಲ್ಲಿ ಕೂತಿದ್ದವರು ಮೂರು ವರ್ಷ ಲೆಕ್ಕಶಾಸ್ತ್ರ ಓದಿದ ನಲವತ್ತೆರಡು ಮಂದಿ. ಮೊಬೈಲು ತೆಗೆದು ಟಕಟಕ ಒತ್ತಿ ಒಕ್ಕೊರಲಿನಿಂದ "424 ರೂಪಾಯಿ 80 ಪೈಸೆ ಸಾರ್" ಎಂದರು. ಉತ್ತರ ಪೈಸೆ ಸಮೇತ ತಪ್ಪು. ಕೊನೇ ಬೆಂಚಿನಿಂದ ಒಂದು ದನಿ ಮಾತ್ರ, ಮೊಬೈಲು ತೆಗೆಯದೆ, ತಲೆಯನ್ನೂ ಎತ್ತದೆ, "ಮುನ್ನೂರ ಅರವತ್ತು" ಎಂದಿತು.

ಆ ದನಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಲವತ್ತೊಂದು ಮಂದಿಗೆ ಯಾಕೆ ಬರಲಿಲ್ಲ? ಪರೀಕ್ಷೆಯಲ್ಲಿ ಹಾಗೆ ಕೇಳುವುದಿಲ್ಲ. ಪರೀಕ್ಷೆಯಲ್ಲಿ ಜಿಎಸ್‌ಟಿಯ ಲಕ್ಷಣಗಳನ್ನು ಬರೆಯಿರಿ ಎಂದು ಕೇಳುತ್ತಾರೆ, ಲಕ್ಷಣಗಳು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಗೈಡಿನಲ್ಲಿ ಇರುತ್ತವೆ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಪಾಠಪಟ್ಟಿಗೆ ಅದು ಬರುವಷ್ಟರಲ್ಲಿ ಊರಿನ ಕಿರಾಣಿ ಅಂಗಡಿಯವರೆಲ್ಲ ಅದರಲ್ಲಿ ಪಂಡಿತರಾಗಿದ್ದರು. ಇಡೀ ದೇಶದ ಅಂಗಡಿಗಳ ಲೆಕ್ಕ ಬರೆಯುವ ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದೇ, 1986ರಲ್ಲೇ ಹುಟ್ಟಿದ್ದು. ನನ್ನ ಮಕ್ಕಳು ಇಂದಿಗೂ ಖಾತೆಯನ್ನು ಸ್ಕೇಲಿಟ್ಟು, ಕೆಂಪು ಮಸಿಯಲ್ಲಿ ಗೆರೆ ಎಳೆದು ಬರೆಯುತ್ತಾರೆ. ಗೆರೆ ಡೊಂಕಾದರೆ ನಾನು ಅಂಕ ಕಳೆಯುತ್ತೇನೆ, ನನಗೂ ಹಾಗೇ ಕಳೆದಿದ್ದರು. ಸಂಜೆ ಅದೇ ಮಕ್ಕಳು ಬೇಕರಿಯ ಮೇಲಿನ ಇನ್‌ಸ್ಟಿಟ್ಯೂಟಿಗೆ ಬೇರೆ ಫೀಸು ಕಟ್ಟಿ ಟ್ಯಾಲಿ ಕಲಿಯಲು ಹೋಗುತ್ತಾರೆ. ಪದವಿ ಕೆಳಗೆ, ಕೆಲಸ ಮಹಡಿಯ ಮೇಲೆ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ನಾವೇ. ಕೌಶಲ ವೃದ್ಧಿಗೆಂದು ಹೊಸ ಪತ್ರಿಕೆಗಳು ಬಂದವು, ಅದರಲ್ಲೊಂದು ಡಿಜಿಟಲ್ ಫ್ಲುಯೆನ್ಸಿ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಆಗ ಹನ್ನೆರಡು ಕಂಪ್ಯೂಟರುಗಳಿದ್ದವು, ಉಸಿರಾಡುತ್ತಿದ್ದವು ಎರಡು. ಹಾಗಾಗಿ ಡಿಜಿಟಲ್ ಫ್ಲುಯೆನ್ಸಿಯನ್ನು ಸೀಮೆಸುಣ್ಣದಲ್ಲಿ ಕಲಿಸಿದೆವು. ಮೌಸಿನ ಚಿತ್ರ ಚೆನ್ನಾಗಿ ಬರೆದವರಿಗೆ ಹೆಚ್ಚು ಅಂಕ. ಪದವಿ ನಾಲ್ಕು ವರ್ಷವೆಂದರು. 2024ರಲ್ಲಿ ಸರ್ಕಾರ ಬೇರೆಯಾಗಿತ್ತು, ಮತ್ತೆ ಮೂರೇ ವರ್ಷವೆಂದರು. ಒಂದೇ ಕಟ್ಟಡದಲ್ಲಿ ಎರಡು ನೀತಿಯ ಮಕ್ಕಳು, ಎರಡು ಪಾಠಪಟ್ಟಿ. ಅದೇ ವರ್ಷ ಬಿಬಿಎಯನ್ನು ತಾಂತ್ರಿಕ ಶಿಕ್ಷಣ ಪರಿಷತ್ತಿನ ತೆಕ್ಕೆಗೆ ಹಾಕಿದರು. ಕಂಪನಿಗಳು ಪಟ್ಟಿಯಲ್ಲಿ ಕೇಳುವ 'ಬದಲಾಗುವ ಪರಿಸ್ಥಿತಿಗೆ ಒಗ್ಗಿಕೊಳ್ಳುವ ಸಾಮರ್ಥ್ಯ' ನಮ್ಮ ಮಕ್ಕಳಲ್ಲಿ ಇಲ್ಲ ಎಂದು ಯಾರಾದರೂ ಹೇಳಲಿ ನೋಡೋಣ.

ಸಂದರ್ಶನಕ್ಕೆ ಮೊದಲು ಮಕ್ಕಳನ್ನು ತಯಾರು ಮಾಡಬೇಕಲ್ಲ, ಬೆಂಗಳೂರಿನಿಂದ ಸಾಫ್ಟ್ ಸ್ಕಿಲ್ಸ್ ತರಬೇತುದಾರರೊಬ್ಬರನ್ನು ಕರೆಸಿದೆವು. ಕೈ ಕುಲುಕುವುದು ಹೇಗೆ ಎಂದು ಒಂದು ಗಂಟೆ ಹೇಳಿದರು. ತೀರಾ ಗಟ್ಟಿ ಹಿಡಿದರೆ ಅಹಂಕಾರ, ಸಡಿಲ ಹಿಡಿದರೆ ಆತ್ಮವಿಶ್ವಾಸದ ಕೊರತೆ. ತೋಟದಲ್ಲಿ ಅಡಿಕೆ ಸುಲಿದು ಬಂದ ಹುಡುಗಿಯೊಬ್ಬಳ ಕೈ ಹಿಡಿದವರೇ "ಓಹ್, ವೆರಿ ಫರ್ಮ್!" ಎಂದರು. ಕನ್ನಡಿಯ ಮುಂದೆ ನಿಂತು 'ನಾನು ಗೆಲ್ಲುತ್ತೇನೆ' ಎಂದು ಹತ್ತು ಸಲ ಹೇಳಿಕೊಳ್ಳಿ ಎಂದರು. ಕೊನೆಗೆ ಎಲ್ಲರಿಗೂ ಪ್ರಮಾಣಪತ್ರ, ಬ್ಯಾನರಿನ ಮುಂದೆ ಗ್ರೂಪ್ ಫೋಟೊ. ಆ ಫೋಟೊ, ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್‌ಗೆ ತೋರಿಸುವ ಫೈಲಿಗೆ ಸೇರಿತು. ನಿಜ ಹೇಳಬೇಕೆಂದರೆ ಕಾರ್ಯಕ್ರಮ ಮಾಡಿದ್ದೇ ಫೋಟೊಗಾಗಿ. ಆರು ಗಂಟೆಯಲ್ಲಿ ಬಂದ ಕೌಶಲ, ಫೋಟೊ ಕ್ಲಿಕ್ಕಾದ ಆರು ಸೆಕೆಂಡಿನಲ್ಲಿ ಮಧ್ಯಾಹ್ನದ ಪಲಾವಿನ ಕಡೆ ಓಡಿತು.

ಸಂದರ್ಶನದ ದಿನ ಬಂತು. ಕ್ಯಾಂಪಸ್ ಸಂದರ್ಶನವನ್ನು ನೋಡದವರಿಗೆ ಒಂದು ಮಾತಿನಲ್ಲಿ ಹೇಳುವುದಾದರೆ, ಅದು ಹೆಣ್ಣು ನೋಡುವ ಶಾಸ್ತ್ರ. ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು. ಕಾಲೇಜಿನ ಒಳ್ಳೆಯ ಕುರ್ಚಿಗಳೆಲ್ಲ ಆ ಕೋಣೆಗೆ. ತಲೆ ತಗ್ಗಿಸಿ ಒಳಗೆ ಹೋಗುವ ಮಕ್ಕಳು, ಬಾಗಿಲ ಸಂದಿಯಲ್ಲಿ ಇಣುಕುವ ನಾವು. ಹುಡುಗರ ಪಾಲಿಗೆ ಇಡೀ ತರಗತಿಗೆ ಇದ್ದದ್ದು ಒಂದೇ ಟೈ, ಯಾರದೋ ಅಣ್ಣನ ಮದುವೆಯ ಆರತಕ್ಷತೆಯದು, ಕಡುಗೆಂಪು. ಒಳಗಿಂದ ಬಂದವನು ಅದನ್ನು ಗಂಟು ಬಿಚ್ಚದೆ ತಲೆಯ ಮೇಲಿಂದ ತೆಗೆದು ಮುಂದಿನವನ ಕೊರಳಿಗೆ ಹಾಕುತ್ತಿದ್ದ. ಹನ್ನೊಂದು ಕೊರಳು, ಒಂದೇ ಗಂಟು. ತಂಡದಲ್ಲಿ ಬೆರೆಯುವ ಗುಣಕ್ಕೆ ಇದಕ್ಕಿಂತ ಸಾಕ್ಷಿ ಬೇಕಿತ್ತೇ? ಒಳಗಿದ್ದವರು ಮಾತ್ರ, ಎಲ್ಲ ಹುಡುಗರೂ ಅದೇ ಟೈ ಕಟ್ಟಿಕೊಂಡು ಬರುವುದನ್ನು ಕಡೆಯವರೆಗೂ ಗಮನಿಸಲಿಲ್ಲ. ವಿಮರ್ಶಾತ್ಮಕ ಚಿಂತನೆ ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು.

ಒಬ್ಬ ಹುಡುಗಿಗೆ ಹಳೇ ಪ್ರಶ್ನೆ ಬಿತ್ತು: ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ? ಅವಳು ತರಬೇತಿಯ ದಿನ ನಿದ್ದೆ ಮಾಡಿದ್ದಳೋ ಏನೋ, "ನಿಮ್ಮ ಕಂಪನಿಯಲ್ಲಿ ಐದು ವರ್ಷ ಇದ್ದವರು ಯಾರಾದ್ರೂ ಬಂದಿದ್ದಾರಾ ಸಾರ್? ಅವರು ಎಲ್ಲಿದ್ದಾರೆ ಅಂತ ನೋಡಿ ಹೇಳ್ತೀನಿ" ಎಂದಳು. ಬಂದಿದ್ದ ಮೂವರಲ್ಲಿ ಹಿರಿಯನೇ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಅವಳ ಹೆಸರಿನ ಮುಂದೆ 'ಆಟಿಟ್ಯೂಡ್' ಎಂದು ಬರೆದುಕೊಂಡರು. ಆಟಿಟ್ಯೂಡ್ ಇರಬೇಕು ಎಂದು ಪಟ್ಟಿಯಲ್ಲಿತ್ತು. ಇದ್ದರೆ ಆಯ್ಕೆಯಾಗುವುದಿಲ್ಲ ಎಂದು ಇರಲಿಲ್ಲ.

ಈಗ ಆ ಕೊನೇ ಬೆಂಚಿನ ದನಿ. ಹುಡುಗ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ರಾತ್ರಿ ಒಂಬತ್ತರವರೆಗೆ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಎರಡನೇ ವರ್ಷದಿಂದ. ಸಂದರ್ಶನಕ್ಕೆ ಮೊದಲು ನೋಡಿದಾಗ ಅವನ ರೆಸ್ಯೂಮೆಯಲ್ಲಿ 'ಅನುಭವ' ಎಂಬಲ್ಲಿ 'ಇಲ್ಲ' ಎಂದಿತ್ತು. ಯಾಕೋ ಮಂಡಿ ಕೆಲಸ ಬರೆದಿಲ್ಲ ಎಂದು ಕೇಳಿದೆ. "ಅದೂ ಲೆಕ್ಕಕ್ಕೆ ಬರುತ್ತಾ ಸಾರ್?" ಎಂದ.

ಸಂಜೆ ಮಂಡಿಗೇ ಹೋಗಿ ಕೂತೆ. ಚೀಲ ಬಿಚ್ಚಿ ಒಂದು ಹಿಡಿ ಅಂಗೈಗೆ ಸುರಿದುಕೊಂಡು, ಇದು ಬೆಟ್ಟೆ, ಇದು ರಾಶಿ, ಇದರಲ್ಲಿ ಗೊರಬಲು ಬೆರೆತಿದೆ ಎನ್ನುತ್ತಾನೆ. ತೂಕ, ಹಮಾಲಿ, ಮೊದಲೇ ಕೊಟ್ಟ ಮುಂಗಡ ಎಲ್ಲ ಕೂಡಿ ಕಳೆದು ರೈತನ ಕೈಗೆ ಚೀಟಿ ಕೊಡುತ್ತಾನೆ. ರೈತ ಅದನ್ನು ನಂಬುವುದಿಲ್ಲ. ರೈತನಿಗೆ ಅರ್ಥವಾಗುವ ಹಾಗೆ, ಕೋಪ ಬಾರದ ಹಾಗೆ, ಎರಡನೇ ಸಲ ಬಾಯಿಲೆಕ್ಕದಲ್ಲಿ ಒಪ್ಪಿಸುತ್ತಾನೆ. ಜಿಎಸ್‌ಟಿಯ ಒಂದು ರಿಟರ್ನು 11ನೇ ತಾರೀಖು, ಇನ್ನೊಂದು 20ನೇ ತಾರೀಖು ಎಂಬುದು ಅವನಿಗೆ ಅಮಾವಾಸ್ಯೆ ಹುಣ್ಣಿಮೆಯಷ್ಟೇ ಸಹಜ. ಲಾರಿಗೆ ಮಾಲು ತುಂಬುವಾಗಲೇ ಇ-ವೇ ಬಿಲ್ಲು ತೆಗೆದಿರುತ್ತಾನೆ. ಮುಂಗಡ ತೆಗೆದುಕೊಂಡವರು ಬೇರೆ ಮಂಡಿಗೆ ಮಾಲು ಹಾಕಿದರೆ ಸಾಹುಕಾರರು ಕಳಿಸುವುದು ಇವನನ್ನೇ. ಹಣ ವಸೂಲು ಮಾಡಿಕೊಂಡು, ಅದೇ ಮನೆಯಲ್ಲಿ ಕಾಫಿ ಕುಡಿದು, ಮುಂದಿನ ಕೊಯ್ಲಿನ ಅಡಿಕೆಗೂ ಮಾತು ತೆಗೆದುಕೊಂಡು ಬರುತ್ತಾನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಹುಟ್ಟಿದ ಸೀಮೆಯಲ್ಲಿ ಇದು ಸಣ್ಣ ಕೆಲಸವಲ್ಲ.

ರಾತ್ರಿ ಕೂತು ನಾನೇ ಅವನ ರೆಸ್ಯೂಮೆ ತಿದ್ದಿದೆ. ಚೀಟಿ ಬರೆಯುವುದು 'ಸ್ಟೇಕ್‌ಹೋಲ್ಡರ್ ರಿಪೋರ್ಟಿಂಗ್' ಆಯಿತು. ಮುಂಗಡ ವಸೂಲಿ 'ರಿಸೀವಬಲ್ಸ್ ಮ್ಯಾನೇಜ್‌ಮೆಂಟ್' ಆಯಿತು. ಕಾಫಿ ಕುಡಿದು ಬಂದದ್ದಕ್ಕೆ 'ಕಾನ್‌ಫ್ಲಿಕ್ಟ್ ರೆಸಲ್ಯೂಷನ್' ಎಂದು ಹೆಸರಿಟ್ಟೆ. ಓದಿದ ಹುಡುಗ ಗಾಬರಿಯಾಗಿ, "ಸಾರ್, ಇದು ಯಾರು?" ಎಂದ.

ಸಂದರ್ಶನದ ದಿನ ಹುಡುಗ ಒಳಗೆ ಹೋದ. ಇಂಗ್ಲಿಷಿನಲ್ಲಿ ನಿನ್ನ ಬಗ್ಗೆ ಹೇಳು ಎಂದರು. ಹೆಸರು, ಊರು, ಅಪ್ಪನ ಹೆಸರು ಹೇಳುವಷ್ಟರಲ್ಲಿ ಗಂಟಲು ಒಣಗಿತು. ನಾಲ್ಕು ನಿಮಿಷದಲ್ಲಿ ಹೊರಗೆ ಬಂದು ಟೈ ತೆಗೆದು ಮುಂದಿನವನಿಗೆ ಕೊಟ್ಟ. ಷರಾ: ಕಮ್ಯುನಿಕೇಷನ್ ಪೂರ್. ಕೋಪಗೊಂಡ ರೈತನನ್ನು ಕನ್ನಡದಲ್ಲಿ ಕೂರಿಸಿ, ಲಂಬಾಣಿ ತಾಂಡಾದ ಹಮಾಲರ ಜೊತೆ ಅವರ ಮಾತಿನಲ್ಲಿ ಹರಟಿ, ಗುಜರಾತಿನ ವ್ಯಾಪಾರಿಯ ಜೊತೆ ಹರಕುಮುರುಕು ಹಿಂದಿಯಲ್ಲಿ ದರ ಕುದುರಿಸುವವನಿಗೆ ಸಂವಹನ ಬರುವುದಿಲ್ಲ! ಇಂಗ್ಲಿಷ್ ಬೇಡ ಎನ್ನುವ ಹಟ ನನಗಿಲ್ಲ, ಮೇಲ್ ಬರೆಯಲು ಬೇಕು, ಕಲಿಯಲಿ, ನಾವೂ ಇನ್ನಷ್ಟು ಕಲಿಸಬೇಕಿತ್ತು. ಆದರೆ ಇಂಗ್ಲಿಷ್ ಬೇಕಿದ್ದರೆ ಇಂಗ್ಲಿಷ್ ಎಂದೇ ಬರೆಯಬಹುದಲ್ಲ. ಅಷ್ಟಕ್ಕೂ ಆ ಇನ್ಶೂರೆನ್ಸನ್ನು ಮಾರಬೇಕಿದ್ದದ್ದು ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ, ಈ ಹುಡುಗ ಮುಂಗಡ ವಸೂಲಿಗೆ ಹೋಗುವ ಅದೇ ಮನೆಗಳಲ್ಲಿ. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು.

ಸಂಜೆ ಎಲ್ಲರನ್ನೂ ಕೂರಿಸಿ "ಎನಿ ಕ್ವೆಶ್ಚನ್ಸ್?" ಎಂದರು. ಮೊದಲು ಎದ್ದವನೇ ಸಂಬಳ ಎಷ್ಟು ಸಾರ್ ಎಂದ. ಮೂವರ ಮುಖವೂ ಒಟ್ಟಿಗೆ ಹುಳ್ಳಗಾಯಿತು. "ಈ ಹಂತದಲ್ಲಿ ಕಲಿಯುವ ಹಸಿವು ಮುಖ್ಯ. ಸ್ಯಾಲರಿ ಒಂದು ಬಿಟ್ಟು ಏನಾದರೂ ಕೇಳಿ." ಯಾರೂ ಏನೂ ಕೇಳಲಿಲ್ಲ. ಊರಿಗೆ ಹೋಗಿ ಪತ್ರ ಬರೆಯುತ್ತೇವೆ ಎಂದು ಹಿಂದೆ ಗಂಡಿನ ಕಡೆಯವರು ಎನ್ನುತ್ತಿದ್ದರಲ್ಲ, ಹಾಗೆ "ವಿ ವಿಲ್ ಗೆಟ್ ಬ್ಯಾಕ್" ಎಂದು ಕಾರು ಹತ್ತಿದರು.

ವಾರದ ಮೇಲೆ ಆರು ಮಂದಿಗೆ ಪತ್ರ ಬಂತು. ವರ್ಷಕ್ಕೆ 2.40 ಲಕ್ಷ ಸಿಟಿಸಿ. ತಿಂಗಳಿಗೆ 20 ಸಾವಿರ ಎಂದು ಒಬ್ಬಳು ಆಗಲೇ ತಮ್ಮನಿಗೆ ಸೈಕಲ್ಲು ಕೊಡಿಸುವ ಲೆಕ್ಕ ಹಾಕಿದ್ದಳು. ಅವರ ಪಾಠ ಪುಸ್ತಕದಲ್ಲಿ ಇಲ್ಲದ ಒಂದು ಅಧ್ಯಾಯವನ್ನು ಅವತ್ತು ಬೋರ್ಡಿನ ಮೇಲೆ ಮಾಡಿದೆ. ಇಪ್ಪತ್ತು ಸಾವಿರ. ಮೂಲ ವೇತನ 10 ಸಾವಿರ, ಅದರ ಮೇಲೆ ಕಂಪನಿ ಕಟ್ಟುವ ಭವಿಷ್ಯನಿಧಿ 1,200. ಅದೂ ನಿಮ್ಮ ಸಂಬಳವೇ ಎಂದು ಲೆಕ್ಕ. ಕಂಪನಿ ಕಟ್ಟುವ ಇಎಸ್‌ಐ ಶೇ 3.25, ಸುಮಾರು 530. ಗುರಿ ಮುಟ್ಟಿದರೆ ಮಾತ್ರ ಕೊಡುವ 1,500. ಐದು ವರ್ಷ ಸೇವೆ ಮುಗಿಸಿದವರಿಗೆ ಸಿಗುವ ಗ್ರಾಚ್ಯುಯಿಟಿಗೆಂದು 481. ಏಳು ತಿಂಗಳಿಗೇ ಹಿರಿಯರಾಗುವ ಕಂಪನಿಯಲ್ಲಿ ಈ ಕೊನೆಯ ಬಾಬ್ತು ಯಾರ ಕೈಗೆ ಬರುತ್ತದೋ! ಉಳಿದದ್ದರಲ್ಲಿ ನಿಮ್ಮ ಪಾಲಿನ ಭವಿಷ್ಯನಿಧಿ 1,200, ಇಎಸ್‌ಐ ನೂರಿಪ್ಪತ್ತು ಚಿಲ್ಲರೆ. ಕೈಗೆ ಬರುವುದು 15 ಸಾವಿರಕ್ಕೆ ಸ್ವಲ್ಪ ಕಡಿಮೆ. ವೃತ್ತಿ ತೆರಿಗೆ ಕಳೆಯುವುದಿಲ್ಲವಾ ಸಾರ್ ಎಂದಳೊಬ್ಬಳು ಜಾಣೆ. ಇಲ್ಲಮ್ಮ, ಕರ್ನಾಟಕದಲ್ಲಿ ತಿಂಗಳ ಸಂಬಳ 25 ಸಾವಿರ ಮುಟ್ಟುವವರೆಗೆ ಅದಿಲ್ಲ, ಸರ್ಕಾರ ಇದನ್ನಿನ್ನೂ ವೃತ್ತಿ ಎಂದು ಒಪ್ಪಿಕೊಂಡಿಲ್ಲ ಎಂದೆ.

2024ರ ಆಗಸ್ಟಿನಲ್ಲಿ ಕಾಗ್ನಿಜೆಂಟ್ ಕಂಪನಿ ಹೊಸ ಪದವೀಧರರಿಗೆ ವರ್ಷಕ್ಕೆ 2.52 ಲಕ್ಷ ಎಂದು ಪ್ರಕಟಿಸಿದಾಗ ದೇಶವೆಲ್ಲ ಗೇಲಿ ಮಾಡಿತು, ಮನೆಗೆಲಸದವರಿಗೂ ಇದಕ್ಕಿಂತ ಹೆಚ್ಚು ಕೊಡುತ್ತೇವೆ ಎಂದವರುಂಟು. ಕಂಪನಿ ಸ್ಪಷ್ಟನೆ ಕೊಟ್ಟಿತು: ಇದು ಎಂಜಿನಿಯರುಗಳಿಗಲ್ಲ, ಮೂರು ವರ್ಷದ ಪದವಿ ಓದಿದವರಿಗೆ. ಓಹೋ ಹಾಗೋ ಎಂದು ದೇಶ ಸಮಾಧಾನಪಟ್ಟುಕೊಂಡು ಮಲಗಿತು. ಆ ಮೂರು ವರ್ಷದ ಪದವಿಯವರು ನಾವು.

ನನಗೆ ಅರ್ಥವಾಗಿರುವುದು ಇಷ್ಟು. ಹಿಂದೆ ಮಂಡಿಗೋ ಬ್ಯಾಂಕಿಗೋ ಗುಮಾಸ್ತನಾಗಿ ಸೇರಿದವನಿಗೆ ಕೆಲಸ ಕಲಿಸುವ ಖರ್ಚು ಕೆಲಸ ಕೊಟ್ಟವರದು. ಮೊದಲ ಆರು ತಿಂಗಳು ಅವನು ತಪ್ಪು ಬರೆಯುತ್ತಾನೆ, ಹಿರಿಯ ಗುಮಾಸ್ತ ಬೈಯುತ್ತ ತಿದ್ದುತ್ತಾನೆ, ಅಷ್ಟೂ ದಿನ ಸಂಬಳ ನಡೆಯುತ್ತದೆ. ಈಗ ಆ ಖರ್ಚನ್ನು ಮೆಲ್ಲಗೆ ಅಪ್ಪನ ಹೆಗಲಿಗೆ ದಾಟಿಸಿದ್ದಾರೆ. ದಾಟಿಸಿದ್ದಕ್ಕೆ ಕೌಶಲದ ಕೊರತೆ ಎಂಬ ಹೆಸರು. ಅಪ್ಪ ಬೇಕರಿಯ ಮೇಲಿನ ಮಹಡಿಗೆ ಫೀಸು ಕಟ್ಟುತ್ತಾನೆ, ಕಟ್ಟಲಾಗದವನ ಮಗ ಅನರ್ಹ. ನಂಬಿಕೆ ಬಾರದಿದ್ದರೆ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ನೋಡಿ. 2024ರ ಬಜೆಟ್ಟಿನಲ್ಲಿ ಬಂದದ್ದು. ದೇಶದ 500 ಅಗ್ರ ಕಂಪನಿಗಳಲ್ಲಿ ಐದು ವರ್ಷಕ್ಕೆ ಒಂದು ಕೋಟಿ ಯುವಜನರಿಗೆ ಕೆಲಸ ಕಲಿಸುವುದು, ಶುರುವಿನಲ್ಲಿ ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು. ಅಗ್ರ ಕಂಪನಿ ಆಗ ಕೈಯೆತ್ತಿ ಕೊಡಬೇಕಿದ್ದದ್ದು 500, ಅದೂ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ. ಶಾಲೆಗೆ ಬೆಂಚು, ಬಸ್‌ಸ್ಟ್ಯಾಂಡಿಗೆ ನೀರಿನ ಟ್ಯಾಂಕು, ಬಿ.ಕಾಂ. ಹುಡುಗನಿಗೆ 500 ರೂಪಾಯಿ: ಎಲ್ಲ ಒಂದೇ ದಾನದ ಬಾಬ್ತು. ಎಂಬಿಎ ಮಾಡಿದವರು ಆಗ ಇದಕ್ಕೂ ಅರ್ಹರಾಗಿರಲಿಲ್ಲ, ಹೆಚ್ಚು ಓದಿದ್ದು ಅವರ ತಪ್ಪು.

ನಮ್ಮ ರಾಜ್ಯದ ಯುವನಿಧಿ ಅದಕ್ಕಿಂತ ಪ್ರಾಮಾಣಿಕ. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದಿದ್ದರೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ನಾನಿನ್ನೂ ನಿರುದ್ಯೋಗಿ ಎಂದು ಆಗಾಗ ಆನ್‌ಲೈನಿನಲ್ಲಿ ಸ್ವಯಂ ಘೋಷಣೆ ಮಾಡುತ್ತಿರಬೇಕು. ನಮ್ಮ ಹಳೆಯ ವಿದ್ಯಾರ್ಥಿಗಳು ಅದನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಸಮಯಪಾಲನೆ, ಕಂಪ್ಯೂಟರ್ ಜ್ಞಾನ, ಸರ್ವರ್ ಡೌನ್ ಇದ್ದಾಗ ತಾಳ್ಮೆ, ಸೈಬರ್ ಸೆಂಟರಿನವನೊಡನೆ ಸಂಬಂಧ ನಿರ್ವಹಣೆ, ಉದ್ಯೋಗಕ್ಕೆ ಬೇಕಾದ ಕೌಶಲಗಳೆಲ್ಲ ನಿರುದ್ಯೋಗದಲ್ಲಿ ಬಂದಿವೆ.

ಆ ಆರು ಮಂದಿಯಲ್ಲಿ ನಾಲ್ವರು ಸೇರಿದರು, ಮೂವರು ದೀಪಾವಳಿಯ ರಜೆ ಮುಗಿದ ಮೇಲೆ ಕೆಲಸಕ್ಕೆ ವಾಪಸು ಹೋಗಲಿಲ್ಲ. ಮಂಡಿಯ ಹುಡುಗ ಮಂಡಿಯಲ್ಲೇ ಇದ್ದಾನೆ. ಸಾಹುಕಾರರು ಈಗ ಅವನಿಗೆ ತಿಂಗಳಿಗೆ 18 ಸಾವಿರ ಕೊಡುತ್ತಾರೆ, ಸಿಟಿಸಿ ಎಂದರೇನೆಂದು ಅವರಿಗೆ ಗೊತ್ತಿಲ್ಲ. ಆಟಿಟ್ಯೂಡ್ ಹುಡುಗಿ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ, ಅದು ಇನ್ನೊಂದು ಪುರಾಣ. ನನ್ನ ಈ ವರ್ಷದ ಆದೇಶದ ಅವಧಿ ಮುಗಿಯುತ್ತ ಬಂತು, ಅಷ್ಟರೊಳಗೆ ಇನ್ನೆರಡು ಕಂಪನಿಗಳು ಬರುವುದಿದೆ.

ಬರುವವರಲ್ಲಿ ಒಂದು ವಿನಂತಿ. ಗುಣಗಳ ಪಟ್ಟಿ ಎಷ್ಟು ಉದ್ದ ಬೇಕಾದರೂ ತನ್ನಿ. ಅದಕ್ಕೆ ಮೊದಲು, ಕೆಲಸ ಏನು, ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು ಎಷ್ಟು, ಇವೆರಡನ್ನು ಮಕ್ಕಳಿಗೆ ಕಾಣುವ ಹಾಗೆ ತೋರಿಸಿ. ನಮ್ಮ ಪ್ರೊಜೆಕ್ಟರ್ ಕೆಟ್ಟಿದೆ, ಬೋರ್ಡಿನ ಮೇಲೆ ಬರೆದರೂ ಸಾಕು. ಚಾಕ್‌ಪೀಸು ನಾವು ಕೊಡುತ್ತೇವೆ.